ಹವ್ಯಾಸ ಏನು ಅಂತ ಕೇಳಿದರು

ಕೊರಿಯಾದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಎಲ್ಲರೂ ವಯಸ್ಸು ಕೇಳಿದರು, ಮದುವೆ ಆಗಿದೆಯಾ ಅಂತ ಕೇಳಿದರು. ಅವೆರಡೂ ನಮ್ಮೂರಿನಲ್ಲಿ ಕೇಳುವ ಪ್ರಶ್ನೆಗಳೇ, ಅಭ್ಯಾಸ ಇದೆ. ಆದರೆ "ಹವ್ಯಾಸ ಏನು?" ಅಂತ ಇಷ್ಟು ಸೀರಿಯಸ್ಸಾಗಿ ಕೇಳುವವರನ್ನು ನಾನು ನೋಡಿದ್ದು ಇಲ್ಲೇ. ಇಲ್ಲಿನ ಹಳೇ ಮಾದರಿಯ ಬಯೋಡೇಟಾ ಫಾರಂನಲ್ಲಿ ಅದಕ್ಕೆ ಅಂತಲೇ ಒಂದು ಖಾನೆ ಇರುತ್ತದೆ. 'ಚ್ವಿಮಿ' ಅಂತಾರೆ. ಬೆಟ್ಟ ಹತ್ತೋದು, ಗಾಲ್ಫು, ಸಿನಿಮಾ, ಬೇಸ್‌ಬಾಲ್ ಅಂತ ಏನಾದರೂ ಹೇಳಿಬಿಟ್ಟರೆ ಮಾತು ಸಲೀಸಾಗಿ ಮುಂದಕ್ಕೆ ಹೋಗುತ್ತದೆ.

ನಾನು ನಿಜ ಹೇಳಿದೆ. ಟೀಮಿನವರೆಲ್ಲ ಸೇರಿ ಊಟಕ್ಕೆ ಹೋಗಿದ್ದೆವು. ಎಲ್ಲರೂ ಮೇಜಿನ ಮೇಲೆ ಹಂದಿ ಮಾಂಸ ಸುಡುತ್ತಿದ್ದರೆ ನಾನು ಮೊಟ್ಟೆಯ ತನಕ ಮಾತ್ರ ಹೋಗುವವನು, ಅನ್ನಕ್ಕೆ ಲೆಟ್ಯೂಸ್ ಎಲೆ ಸುತ್ತಿಕೊಂಡು ಕೂತಿದ್ದೆ. "ಶಾರ್ಟ್‌ವೇವ್ ರೇಡಿಯೊ ಕೇಳ್ತೀನಿ. ರಾತ್ರಿ ಹೊತ್ತು, ಬೇರೆ ದೇಶದ ಸ್ಟೇಷನ್‌ಗಳು" ಅಂದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ಟೀಮ್ ಲೀಡರ್ "ಗಾನ್‌ಚೊಪ್!" ಅಂದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಆ ಪದ ಹುಡುಕಿದೆ. ಗೂಢಚಾರ ಅಂತ ಅರ್ಥ.

ಈ ಹುಚ್ಚು ಹತ್ತಿದ್ದು ಅಜ್ಜನಿಂದ. ನಮ್ಮದು ತರೀಕೆರೆ ಹತ್ತಿರದ ಹಳ್ಳಿ. ಅಜ್ಜನ ರೇಡಿಯೊದಲ್ಲಿ ಭದ್ರಾವತಿ ಆಕಾಶವಾಣಿ ಬೆಳಗ್ಗೆ ಶುರುವಾದರೆ ಬೀದಿಯ ಕೊನೇ ಮನೆಯವರೆಗೂ ಕೇಳಬೇಕು. ಕಡಿಮೆ ಮಾಡಿ ಅಂತ ಅಜ್ಜಿ ಹೇಳಿದರೆ, "ಅವರ ಮನೇಲಿ ರೇಡಿಯೊ ಇಲ್ವಲ್ಲೇ, ಕೇಳಲಿ ಬಿಡು" ಅನ್ನೋರು. ಆ ಸೆಟ್ಟಿನ ಬ್ಯಾಂಡ್ ಬದಲಾಯಿಸಿದರೆ ಸಿಳ್ಳೆ, ಕೊರಕೊರ ಸದ್ದಿನ ಮಧ್ಯೆ ಯಾವುದೋ ದೇಶದವರು ಮಾತಾಡೋರು. ಎಂಜಿನಿಯರಿಂಗ್ ಓದುವಾಗ ಅದು ಹೇಗೆ ಅಂತ ಗೊತ್ತಾಯಿತು. ಶಾರ್ಟ್‌ವೇವ್ ಅಲೆಗಳು ಮೇಲೆ ಅಯಾನುಗೋಳಕ್ಕೆ ಬಡಿದು ಬಾಗಿ ಮತ್ತೆ ನೆಲಕ್ಕೆ ಬರುತ್ತವೆ, ಹಾಗೆ ನೆಗೆಯುತ್ತ ನೆಗೆಯುತ್ತ ಸಾವಿರಾರು ಕಿಲೋಮೀಟರ್ ಹೋಗುತ್ತವೆ. ಗೊತ್ತಾದ ಮೇಲೆ ಆಸೆ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸೆಟ್ ಕೊಂಡೆ. ಸ್ಟೇಷನ್ ಕೇಳಿ, ದಿನ, ಸಮಯ, ಸದ್ದು ಹೇಗಿತ್ತು ಅಂತೆಲ್ಲ ಬರೆದು ಕಳಿಸಿದರೆ ಅವರು 'ಕ್ಯೂಎಸ್‌ಎಲ್' ಅನ್ನುವ ಕಾರ್ಡ್ ಕಳಿಸುತ್ತಾರೆ. ಜಪಾನ್, ರೊಮೇನಿಯಾ, ತೈವಾನ್‌ನಿಂದ ಬಂದ ಕಾರ್ಡುಗಳು ಈಗಲೂ ಅಮ್ಮನ ಬೀರುವಿನಲ್ಲಿವೆ.

2022ರಲ್ಲಿ ಕೊರಿಯಾಕ್ಕೆ ಬರುವಾಗ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಪಕ್ಕದಲ್ಲಿ ಒಂದು ಚಿಕ್ಕ ರೇಡಿಯೊವೂ ಬಂತು. ಆಫೀಸು ಪಾಂಗ್ಯೊದಲ್ಲಿ, ಅಂದರೆ ಸೋಲ್‌ನ ದಕ್ಷಿಣಕ್ಕಿರುವ ಐಟಿ ಏರಿಯಾ. ನಮ್ಮ ಇಲೆಕ್ಟ್ರಾನಿಕ್ ಸಿಟಿ ಅಂದುಕೊಳ್ಳಿ, ಆದರೆ ಫುಟ್‌ಪಾತ್ ಇದೆ. ಮನೆ ಅಂದರೆ 'ವನ್‌ರೂಮ್', ಒಂದೇ ಕೋಣೆ, ಅದರೊಳಗೇ ಅಡುಗೆ, ವಾಷಿಂಗ್ ಮೆಷಿನ್ ಎಲ್ಲ. ಅಲ್ಲಿ ರೇಡಿಯೊ ಹಾಕಿದರೆ ಬರೀ ಗೊರ್ರ್. ಎಲ್‌ಇಡಿ ದೀಪ, ಚಾರ್ಜರ್, ಪಕ್ಕದ ಮನೆಯ ರೌಟರ್, ಪ್ರತಿಯೊಂದೂ ಗಲಾಟೆ ಮಾಡುತ್ತದೆ. ಇಂಟರ್ನೆಟ್ ಇಷ್ಟು ಚೆನ್ನಾಗಿರುವ ದೇಶದಲ್ಲಿ ಶಾರ್ಟ್‌ವೇವ್‌ಗೆ ಜಾಗವೇ ಇಲ್ಲ.

ಹಾಗಾಗಿ ತಾನ್‌ಚಿಯೊನ್ ದಂಡೆಗೆ ಹೋಗೋಕೆ ಶುರು ಮಾಡಿದೆ. ಪಾಂಗ್ಯೊ ಪಕ್ಕದಲ್ಲೇ ಹರಿದು ಉತ್ತರಕ್ಕೆ ಹೋಗಿ ಹಾನ್ ನದಿ ಸೇರುವ ಹೊಳೆ ಇದು. ಎರಡೂ ಕಡೆ ನಡೆಯುವ ದಾರಿ, ಸೈಕಲ್ ದಾರಿ. ಕೊಕ್ಕರೆಗಳು ನೀರಿನಲ್ಲಿ ನಿಂತಿರುತ್ತವೆ. ರಾತ್ರಿ ಹನ್ನೊಂದಕ್ಕೂ ಅಜ್ಜಿಯರು ಕೈ ಬೀಸಿಕೊಂಡು ವಾಕಿಂಗ್ ಮಾಡುತ್ತಿರುತ್ತಾರೆ. ದೀಪ ಕಡಿಮೆ ಇರುವ ಒಂದು ಕಡೆ ಬೆಂಚು ಹಿಡಿದೆ. ಹತ್ತು ಮೀಟರ್ ತಂತಿಯನ್ನು ಪೊದೆಗಳ ಮೇಲೆ ಹಾಸಿದರೆ ಅದೇ ಆ್ಯಂಟೆನಾ. ಒಬ್ಬರು ಅಜ್ಜಿ ನಿಂತು ನೋಡಿ, "ಮೀನು ಸಿಕ್ತಾ?" ಅಂತ ಕೇಳಿಕೊಂಡು ಹೋದರು.

ಚಳಿಗಾಲದಲ್ಲಿ ಮೈನಸ್ ಹತ್ತು. ಅಂಗಡಿಯಲ್ಲಿ ಸಿಗುವ ಬಿಸಿ ಕ್ಯಾನ್ ಕಾಫಿಯನ್ನು ಕುಡಿಯೋದಕ್ಕಿಂತ ಕೈ ಕಾಯಿಸಿಕೊಳ್ಳೋಕೆ ಕೊಳ್ಳುತ್ತಿದ್ದೆ. ಆದರೆ ಏನೆಲ್ಲ ಸಿಗುತ್ತಿತ್ತು ಅಂತೀರಿ! ಚೀನಾ, ಜಪಾನ್ ಬಿಡಿ, ಅವು ಪಕ್ಕದ ಮನೆ. ಉಲಾನ್‌ಬಾತರ್‌ನಿಂದ ವಾಯ್ಸ್ ಆಫ್ ಮಂಗೋಲಿಯಾ ಸಿಕ್ಕಿದ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಬೆಂಗಳೂರಿನ ಹೊರಗೆ ಆಕಾಶವಾಣಿಯ 500 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್‌ಗಳಿವೆ, ಅದನ್ನು ಹಿಡಿಯೋಕೆ ಎಷ್ಟೋ ದಿನ ಕೂತೆ. ಒಂದು ಸಲವೂ ನೆಟ್ಟಗೆ ಸಿಗಲಿಲ್ಲ. ಕೆಲವು ಕಡೆ ಡಯಲ್ ತಿರುಗಿಸಿದರೆ ಹಿಟ್ಟಿನ ಗಿರಣಿ ಓಡಿದ ಹಾಗೆ ಒಂದೇ ಸಮ ಸದ್ದು ಬರುತ್ತಿತ್ತು. ಒಂದು ಕೊರಿಯಾದ ಪ್ರಸಾರ ಇನ್ನೊಂದು ಕೊರಿಯಾದಲ್ಲಿ ಕೇಳಿಸದಿರಲಿ ಅಂತ ಬೇಕೆಂದೇ ಹಾಕುವ ಗದ್ದಲ ಅದು. ನಾನು ಅದರ ಫ್ರೀಕ್ವೆನ್ಸಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹವ್ಯಾಸ ಅಂದಮೇಲೆ ಲೆಕ್ಕ ಪಕ್ಕಾ ಇರಬೇಕಲ್ಲ.

2023ರ ಕೊನೆಯಲ್ಲಿ ಒಂದು ರಾತ್ರಿ ಕೊರಿಯನ್ ಭಾಷೆಯ ಒಂದು ಸ್ಟೇಷನ್ ತುಂಬ ಗಟ್ಟಿಯಾಗಿ ಸಿಕ್ಕಿತು. ಬ್ಯಾಂಡ್ ಸಂಗೀತ, ಆಮೇಲೆ ಒಬ್ಬ ಹೆಂಗಸಿನ ದನಿ, ನಾಟಕದಲ್ಲಿ ಹೇಳುವ ಹಾಗೆ ಏರುತ್ತ ಇಳಿಯುತ್ತ. ನನ್ನ ಕೊರಿಯನ್ ಆಗ ಬೋರ್ಡ್ ಓದುವಷ್ಟು, ಸಾಮಾನು ಕೊಳ್ಳುವಷ್ಟು. ಯಾವ ಸ್ಟೇಷನ್ ಅಂತ ಗೊತ್ತಾಗದೆ ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಂಡೆ. ಮರುದಿನ ಊಟವಾದ ಮೇಲೆ ಆಫೀಸಿನ ಕೆಫೆಟೇರಿಯಾದಲ್ಲಿ ನಮ್ಮ ಟೀಮ್ ಲೀಡರ್‌ಗೆ ಕೇಳಿಸಿದೆ. ಅವರನ್ನು ನಾವು 'ಟೀಮ್‌ಜಾಂಗ್‌ನಿಮ್' ಅಂತ ಕರೆಯುತ್ತೇವೆ. ಆ 'ನಿಮ್' ನಮ್ಮ 'ಅವರು' ಇದ್ದ ಹಾಗೆ, ಬಿಟ್ಟರೆ ಮರ್ಯಾದೆ ಬಿಟ್ಟ ಹಾಗೆ.

"ಟೀಮ್‌ಜಾಂಗ್‌ನಿಮ್, ಇದು ಸೋಲ್‌ನದ್ದಾ? ಹಳೇ ಕಾರ್ಯಕ್ರಮ ಏನಾದ್ರೂ?"

ಹತ್ತು ಸೆಕೆಂಡ್ ಕೂಡ ಆಗಿರಲಿಕ್ಕಿಲ್ಲ. ಅವರು ಅಂಗೈ ತಂದು ನನ್ನ ಫೋನಿನ ಮೇಲೆ ಮುಚ್ಚಿದರು. ಕೋಪ ಅಲ್ಲ. ಹಾಲು ಉಕ್ಕುವಾಗ ಕೈ ತಾನಾಗೇ ಹೋಗುತ್ತದಲ್ಲ, ಹಾಗೆ. ಆ ಕಡೆ ಈ ಕಡೆ ನೋಡಿ, "ಡಿಲೀಟ್ ಮಾಡು" ಅಂದರು.

ಅದು ಪ್ಯೊಂಗ್‌ಯಾಂಗ್. ದಕ್ಷಿಣದವರಿಗೆ ಅಂತಲೇ ಉತ್ತರ ಕೊರಿಯಾ ನಡೆಸುತ್ತಿದ್ದ ಸ್ಟೇಷನ್.

ಸಂಜೆ ಕೆಲಸ ಮುಗಿದ ಮೇಲೆ ಅವರೇ ಬಾ ಅಂತ ಕರೆದುಕೊಂಡು ಅದೇ ತಾನ್‌ಚಿಯೊನ್ ದಾರಿಯಲ್ಲಿ ನಡೆದರು. ನನಗೆ ಒಳಗೊಳಗೇ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಗಾಳಿಯಲ್ಲಿ ಬರೋದನ್ನು ಹಿಡಿದಿದ್ದು ತಪ್ಪಾ? ಹಾಗೆ ಕೇಳಿಯೂ ಬಿಟ್ಟೆ. ಅವರು ವಾದ ಮಾಡಲಿಲ್ಲ. ತಾವು ಶಾಲೆಗೆ ಹೋಗುವಾಗ ಕಲಿಸಿದ್ದನ್ನು ಹೇಳಿದರು. ಗೂಢಚಾರರನ್ನು ಗುರುತಿಸೋದು ಹೇಗೆ ಅಂತ ಪಾಠವೇ ಇತ್ತಂತೆ. ಬೆಳಗಿನ ಜಾವ ಕೆಸರಾದ ಶೂ ಹಾಕಿಕೊಂಡು ಗುಡ್ಡ ಇಳಿದು ಬರುವವರು. ಸಿಗರೇಟಿನ ಬೆಲೆ ಗೊತ್ತಿಲ್ಲದವರು. ರಾತ್ರಿ ಕಂಬಳಿ ಹೊದ್ದುಕೊಂಡು ರೇಡಿಯೊ ಕೇಳುವವರು. "ನಿನಗೆ ಸಿಗರೇಟಿನ ಬೆಲೆ ಗೊತ್ತಾ?" ಅಂತ ಕೇಳಿದರು. ಗೊತ್ತಿರಲಿಲ್ಲ. ಇಬ್ಬರೂ ನಕ್ಕೆವು. ಮೆಟ್ರೊದಲ್ಲಿ 111, 113 ಅಂತ ನಂಬರ್ ಬರೆದ ಸೂಚನೆಗಳನ್ನು ನಾನು ದಿನಾ ನೋಡುತ್ತಿದ್ದೆ. ಗೂಢಚಾರರ ಬಗ್ಗೆ ತಿಳಿಸೋಕೆ ಇರುವ ನಂಬರ್‌ಗಳು ಅಂತ ಗೊತ್ತಾಗಿದ್ದು ಅವತ್ತೇ.

ಹಳೇ ಕಥೆ ಅಂತ ತಳ್ಳಿಹಾಕುವ ಹಾಗೂ ಇಲ್ಲ. 2016ರಲ್ಲಿ ಪ್ಯೊಂಗ್‌ಯಾಂಗ್ ರೇಡಿಯೊ, ನಿಲ್ಲಿಸಿ ಹದಿನಾರು ವರ್ಷವಾಗಿದ್ದ ಒಂದು ಕಾರ್ಯಕ್ರಮವನ್ನು ಮತ್ತೆ ಶುರು ಮಾಡಿತ್ತು. ಮಧ್ಯರಾತ್ರಿ ಅನೌನ್ಸರ್ ದೂರಶಿಕ್ಷಣದ ವಿದ್ಯಾರ್ಥಿಗಳಿಗೆ ಪಾಠ ಅಂತ ಹೇಳಿ ಪುಟದ ಸಂಖ್ಯೆ, ಪ್ರಶ್ನೆಯ ಸಂಖ್ಯೆ ಅಂತ ಬರೀ ಅಂಕಿಗಳನ್ನೇ ಓದುತ್ತಾ ಹೋಗೋದು. ಈಚೆಗಿರುವ ಏಜೆಂಟರಿಗೆ ಸಂದೇಶ ಅಂತ ದಕ್ಷಿಣದವರ ಅನುಮಾನ. ನನ್ನಂಥ ರೇಡಿಯೊ ಹುಚ್ಚರಿಗೆ ಇದು ಬಾಯಲ್ಲಿ ನೀರೂರಿಸುವ ವಿಷಯ. ಅವರಿಗೆ ಅಲ್ಲ.

ಟೀಮ್‌ಜಾಂಗ್‌ನಿಮ್ ಅವರ ತಾಯಿಯ ಮನೆ ಸೊಕ್‌ಚೊ, ಪೂರ್ವ ಕರಾವಳಿಯ ಮೀನುಗಾರರ ಊರು. ಟೂರಿಸ್ಟಾಗಿ ನಾನೂ ಹೋಗಿದ್ದೆ. ಅಲ್ಲಿ 'ಅಬಾಯಿ' ಅನ್ನುವ ಕೇರಿ ಇದೆ, ಹಗ್ಗ ಎಳೆದುಕೊಂಡು ದಾಟುವ ತೆಪ್ಪ ಇದೆ, ಫೋಟೊ ತೆಗೆದುಕೊಂಡಿದ್ದೆ. ಯುದ್ಧದ ಕಾಲದಲ್ಲಿ ಉತ್ತರದ ಹಾಮ್‌ಗ್ಯೊಂಗ್ ಕಡೆಯಿಂದ ಬಂದವರು ಇನ್ನೇನು ವಾಪಸ್ ಹೋಗ್ತೀವಿ ಅಂತ ಮರಳಿನ ಮೇಲೆ ಗುಡಿಸಲು ಹಾಕಿಕೊಂಡ ಜಾಗ. ಅಬಾಯಿ ಅಂದರೆ ಅವರ ಆಡುಮಾತಿನಲ್ಲಿ ಹಿರಿಯ, ತಾತ. ವಾಪಸ್ ಹೋಗಲಿಲ್ಲ. 1953ರ ಕದನ ವಿರಾಮದ ನಂತರ ಸಮುದ್ರಕ್ಕೆ ಹೋದ ಮೀನುಗಾರರನ್ನು ಉತ್ತರದವರು ಹಿಡಿದುಕೊಂಡು ಹೋದದ್ದುಂಟು, ಒಬ್ಬಿಬ್ಬರಲ್ಲ, ಮೂರು ಸಾವಿರಕ್ಕೂ ಹೆಚ್ಚು ಜನ. ಬಹಳಷ್ಟು ಜನರನ್ನು ಬಿಟ್ಟರು. ಬದುಕಿ ಬಂದೆವಲ್ಲ ಅಂತ ಬಂದವರಲ್ಲಿ ಎಷ್ಟೋ ಜನರನ್ನು ಇಲ್ಲಿ ಮತ್ತೆ ಹಿಡಿದು, ಹಿಂಸೆ ಕೊಟ್ಟು, ಗೂಢಚಾರರು ಅಂತ ಜೈಲಿಗೆ ಹಾಕಿದರು. ರಾಷ್ಟ್ರೀಯ ಭದ್ರತಾ ಕಾನೂನು 1948ರಿಂದಲೇ ಇದೆ. ಉತ್ತರದ ರೇಡಿಯೊ ಕೇಳಿದ್ದೂ ಆಗ ಆರೋಪವಾಗುತ್ತಿತ್ತು. ಎಷ್ಟೋ ದಶಕ ಕಳೆದ ಮೇಲೆ ಮರುವಿಚಾರಣೆಯಾಗಿ ನಿರ್ದೋಷಿಗಳು ಅಂತ ತೀರ್ಪು ಬರುತ್ತಿವೆ, ಕೆಲವರಿಗೆ ಸತ್ತ ಮೇಲೆ.

"ನಮ್ಮ ಸೋದರಮಾವ" ಅಂದರು. ಅಷ್ಟೇ ಹೇಳಿದರು. ಸ್ವಲ್ಪ ದೂರ ನಡೆದ ಮೇಲೆ, "ಮನೇಲಿ ರೇಡಿಯೊ ಇತ್ತು. ಅದರ ಸದ್ದು ಕೇಳಿದ ನೆನಪೇ ನನಗಿಲ್ಲ" ಅಂದರು.

ಆಮೇಲೆ ಎರಡು ತಿಂಗಳು ನನ್ನ ರೇಡಿಯೊ ಬಟ್ಟೆಗಳ ಕೆಳಗೆ ಮಲಗಿತ್ತು. ಭಯ ಇತ್ತು. ವೀಸಾ ಇರೋದು ಕೆಲಸದ ಮೇಲೆ, ಕೆಲಸ ಹೋದರೆ ಬೇರೆ ದಾರಿ ಹುಡುಕಬೇಕು. ಊರಲ್ಲಿ ಮನೆ ಸಾಲ ಇದೆ. ನಾಚಿಕೆಯೂ ಇತ್ತು. ಹವ್ಯಾಸ ಬದಲಾಯಿಸೋಣ ಅಂತ ಬೆಟ್ಟ ಹತ್ತೋಕೆ ಹೋದೆ. ಎಲ್ಲರೂ ಹಿಮಾಲಯಕ್ಕೆ ಹೊರಟವರ ಹಾಗೆ ಡ್ರೆಸ್ ಹಾಕಿಕೊಂಡು ಬಂದಿದ್ದರು. ನನ್ನ ಕಾಲಿನಲ್ಲಿ ಆಫೀಸಿನ ಶೂ, ಇಳಿಯುವಷ್ಟರಲ್ಲಿ ಕೆಸರು. ಪಾಠ ನೆನಪಾಯಿತು.

2024ರ ಜನವರಿಯಲ್ಲಿ ಕಾಕಾವ್ ಟಾಕ್‌ಗೆ ಟೀಮ್‌ಜಾಂಗ್‌ನಿಮ್ ಒಂದು ನ್ಯೂಸ್ ಲಿಂಕ್ ಕಳಿಸಿದರು. ಪ್ಯೊಂಗ್‌ಯಾಂಗ್ ಆ ಸ್ಟೇಷನ್ ನಿಲ್ಲಿಸಿತ್ತು. ದಕ್ಷಿಣದವರ ಜೊತೆ ಇನ್ನು ಒಂದಾಗುವ ಮಾತೇ ಇಲ್ಲ ಅಂತ ಅಲ್ಲಿನ ಸರ್ಕಾರ ತೀರ್ಮಾನಿಸಿದ ಸಮಯ ಅದು. ಕೆಳಗೆ ಅವರದೇ ಒಂದು ಸಾಲು: "ನಿನ್ನ ಸ್ಟೇಷನ್ ಬಾಗಿಲು ಹಾಕಿತು." ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ. ಆ ಕಡೆಯಿಂದ ಮಾತಾಡುವುದನ್ನೇ ಬಿಟ್ಟರೆ ಅದು ಒಳ್ಳೇ ಸುದ್ದಿಯೋ ಕೆಟ್ಟ ಸುದ್ದಿಯೋ ನನಗೆ ಈಗಲೂ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಅವರ ಹೊಸವರ್ಷ, ಸೊಲ್ಲಾಲ್. ಊರಿಗೆ ಹೋದವರು ಒಂದು ಫೋಟೊ ಕಳಿಸಿದರು. ಬಟ್ಟೆ ಸುತ್ತಿಟ್ಟಿದ್ದ ಹಳೇ ಗೋಲ್ಡ್‌ಸ್ಟಾರ್ ಟ್ರಾನ್ಸಿಸ್ಟರ್. ಈಗಿನ ಎಲ್‌ಜಿಯ ಹಳೇ ಹೆಸರು ಅದು. ಕೊರಿಯಾದಲ್ಲೇ ತಯಾರಾದ ಮೊದಲ ರೇಡಿಯೊವನ್ನು 1959ರಲ್ಲಿ ಮಾಡಿದವರು ಅವರೇ. "ರಿಪೇರಿ ಆಗುತ್ತಾ?" ಅಂತ ಕೇಳಿದ್ದರು.

ಮುಂದಿನ ಶನಿವಾರ ಇಬ್ಬರೂ ಸೆವೂನ್ ಸಾಂಗ್‌ಗಾಕ್ಕೆ ಹೋದೆವು. ಸೋಲ್‌ಗೆ ಬಂದವರೆಲ್ಲ ಅರಮನೆ ನೋಡ್ತಾರೆ, ನನ್ನ ಕೇಳಿದರೆ ಇದನ್ನು ನೋಡಿ. 1960ರ ದಶಕದ ಕೊನೆಗೆ ಕಟ್ಟಿದ, ಊರ ಮಧ್ಯೆ ಹಡಗು ನಿಲ್ಲಿಸಿದ ಹಾಗಿರುವ ಉದ್ದನೆಯ ಕಾಂಕ್ರೀಟ್ ಕಟ್ಟಡಗಳ ಸಾಲು, ವಾಸ್ತುಶಿಲ್ಪಿ ಕಿಮ್ ಸೂ-ಗುನ್ ಅವರದ್ದು. ಕೆಳಗೆ ಅಂಗಡಿ, ಮೇಲೆ ಮನೆ. ಸುತ್ತಲಿನ ಓಣಿಗಳಲ್ಲಿ ಲೇತ್, ವೆಲ್ಡಿಂಗ್, ಟ್ರಾನ್ಸ್‌ಫಾರ್ಮರ್ ಸುತ್ತುವವರು, ಸ್ಪೀಕರ್ ಅಂಗಡಿಗಳು. ಇಲ್ಲಿ ಒಂದು ಸುತ್ತು ಹಾಕಿದರೆ ಸಬ್‌ಮರೀನ್ ಕಟ್ಟುವಷ್ಟು ಸಾಮಾನು ಸಿಗುತ್ತೆ ಅಂತ ಒಂದು ಹಳೇ ಮಾತಿದೆ. ನನಗಂತೂ ಎಸ್‌.ಪಿ. ರೋಡಿಗೆ ಬಂದ ಹಾಗಾಯಿತು, ಅದೇ ಬೆಸುಗೆಯ ವಾಸನೆ. ಇದನ್ನೆಲ್ಲ ಕೆಡವಿ ಪಾರ್ಕ್ ಮಾಡುವ ಯೋಜನೆ ಇದೆ. ಸುತ್ತಮುತ್ತ ಆಗಲೇ ಎಷ್ಟೋ ಕಡೆ ಷಟರ್ ಎಳೆದಿತ್ತು.

ಮೇಲಿನ ಮಹಡಿಯ ಒಂದು ಅಂಗಡಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಕನ್ನಡಕ ಹಣೆಗೇರಿಸಿ ಸೆಟ್ ಬಿಚ್ಚಿದರು. ಡಯಲ್ ದಾರ ಕಿತ್ತಿತ್ತು. ಕೆಪಾಸಿಟರ್‌ಗಳು ಒಣಗಿ ಹೋಗಿದ್ದವು. ನಾನು ಎಂಜಿನಿಯರ್ ಅಂತ ಗೊತ್ತಾದ ಮೇಲೆ ಸೋಲ್ಡರಿಂಗ್ ಐರನ್ ನನ್ನ ಕೈಗೇ ಕೊಟ್ಟರು. ಒಂದು ಬೆಸುಗೆ ಹಾಕಿದೆ. ನೋಡಿದರು, ಏನೂ ಹೇಳದೆ ಅದನ್ನು ಕರಗಿಸಿ ತಾವೇ ಮತ್ತೆ ಹಾಕಿದರು. ಎಂಟು ವರ್ಷ ಬರೀ ಕೋಡ್ ಬರೆದ ಕೈ, ಏನು ಮಾಡೋದು.

ಬ್ಯಾಂಡ್ ಬದಲಾಯಿಸುವ ಸ್ವಿಚ್ಚಿನ ಮೇಲೆ ಕಪ್ಪು ಟೇಪ್ ಸುತ್ತಿತ್ತು. ಮೀಡಿಯಂ ವೇವ್‌ನಿಂದ ಅಲುಗದ ಹಾಗೆ, ಮೂರು ನಾಲ್ಕು ಸುತ್ತು. ಅಂಟು ಗಟ್ಟಿಯಾಗಿ ಪ್ಲಾಸ್ಟಿಕ್ಕಿನ ಜೊತೆ ಸೇರಿಹೋಗಿತ್ತು. ರಿಪೇರಿ ಮಾಡುವವರು ಬ್ಲೇಡ್ ತೆಗೆದುಕೊಂಡು, ಕೀಳಲಾ ಅಂತ ಕೇಳಿದರು. ಟೀಮ್‌ಜಾಂಗ್‌ನಿಮ್ ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದು, "ಅದು ಹಾಗೇ ಇರಲಿ" ಅಂದರು.

ಮುಂದಿನ ವಾರ ಸೊಕ್‌ಚೊದಿಂದ ಒಂದು ವಿಡಿಯೊ ಬಂತು. ಅಡುಗೆಮನೆ, ನೆಲದ ಮೇಲೆ ಅವರ ತಾಯಿ ಕೂತಿದ್ದಾರೆ, ಮುಂದೆ ರೇಡಿಯೊ. ಗುಂಡಿ ತಿರುಗಿಸುತ್ತಾರೆ. ಯಾವುದೋ ಹಳೇ ಕೊರಿಯನ್ ಹಾಡು ದೊಡ್ಡದಾಗಿ ಬರುತ್ತದೆ. ಅಮ್ಮ ಬಾಯಿ ತೆರೆದು ನಗುತ್ತಾರೆ, ಮಗನ ಕಡೆ ನೋಡಿ ಏನೋ ಹೇಳುತ್ತಾರೆ. ಹೇಳುತ್ತ ಹೇಳುತ್ತಲೇ ಅವರ ಕೈ ಹಿಂದಕ್ಕೆ ಹೋಗಿ, ಕಿವಿ ಹತ್ತಿರ ತಂದರೆ ಮಾತ್ರ ಕೇಳುವಷ್ಟು ಸದ್ದು ಕಡಿಮೆ ಮಾಡುತ್ತದೆ.