ಹಗಲು ಒಂದೇ, ನೀರು ಬೇರೆ

ಮಷಿನ್ ಲರ್ನಿಂಗ್ ಕಲಿಯೋಕೆ ಕೂತವರಿಗೆಲ್ಲ ಮೊದಲು ಸಿಗೋದು ಐರಿಸ್ ಡೇಟಾಸೆಟ್. 150 ಹೂವು, ಮೂರು ಜಾತಿ, ನಾಲ್ಕು ಅಳತೆ. ಫಿಶರ್ 1936ರಲ್ಲಿ ಬಳಸಿದ್ದು. ನಾವೂ ಅದನ್ನ ಎಷ್ಟೋ ಸಲ ರನ್ ಮಾಡಿದ್ದೇವೆ, ಆದರೆ ಐರಿಸ್ ಗಿಡ ಕಣ್ಣಾರೆ ಕಂಡವರು ನಮ್ಮೊಳಗೆ ಒಬ್ಬರೂ ಇಲ್ಲ. ಆ ಟೇಬಲ್‌ನಲ್ಲಿ ದಳದ ಉದ್ದ ಅಗಲ ಇದೆ. ಬಿಸಿಲು, ನೀರಿನ ಕಾಲಂ ಇಲ್ಲ.

ನಾವು ನಾಲ್ವರು: ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ತಾಲ್ಲೂಕಿಗೊಬ್ಬರು. ಐರಿಸ್ ನಮ್ಮ ಕಡೆ ಬರುತ್ತಾ ಅಂತ ಹಾಸ್ಟೆಲ್‌ನಲ್ಲಿ ವಾದ ಆಯ್ತು. ತೋಟದಲ್ಲಿ ಬೆಳೆಸೋ ಬಿಯರ್ಡೆಡ್ ಐರಿಸ್‌ಗೆ ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೇಕು. ಶುಂಠಿಯಂಥ ಅದರ ಗಡ್ಡೆ ನೀರು ನಿಂತರೆ ಕೊಳೆಯುತ್ತೆ. ಬಿಸಿಲಿಗೆ ನಮ್ಮಲ್ಲಿ ಬರ ಇಲ್ಲ, ಸಿಗದೇ ಇರೋದು ಚಳಿ. ವಾರಗಟ್ಟಲೆ ಚಳಿ ತಿಂದ ಮೇಲೇ ಅದು ಚೆನ್ನಾಗಿ ಹೂ ಬಿಡೋದು. ನಮ್ಮ ಡಿಸೆಂಬರ್ ಒಂದು ಸ್ವೆಟರ್‌ಗೆ ಮುಗಿಯುತ್ತೆ.

ವಾದ ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ನಮ್ಮಲ್ಲಿ ರಾಮದುರ್ಗದವನ ಕಾಕಾ ಅರ್ಧ ಎಕರೆ ಸೇವಂತಿಗೆ ಹಾಕ್ತಾರೆ. ಹೋದ ವರ್ಷ ಹೂ ದೀಪಾವಳಿ ಮುಗಿದ ಮೇಲೆ ಬಂತು, ಸಾಲ ಹಾಗೇ ಉಳಿಯಿತು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊಲದ ತುಂಬ ಬಲ್ಬ್ ಹಚ್ಚೋ ವಿಡಿಯೋ ನೋಡಿ ಅವರು ನಮಗೇ ಫೋನ್ ಮಾಡಿದರು: "ನೀವ್ ಇಂಜಿನಿಯರ್ ಅದೀರಿ, ನಮಗೂ ಲೈಟ್ ಹಾಕಿ ಕೊಡ್ರಪಾ."

ಗಿಡ ಹಗಲಿನ ಉದ್ದ ನೋಡಿ ಹೂ ಬಿಡುತ್ತೆ ಅಂತ ಗಾರ್ನರ್, ಅಲ್ಲಾರ್ಡ್ 1920ರಲ್ಲೇ ತೋರಿಸಿದ್ದರು. ನಿಜ ಹೇಳಬೇಕಂದ್ರೆ ಸೇವಂತಿಗೆ ಅಳೆಯೋದು ರಾತ್ರಿಯನ್ನ. ರಾತ್ರಿ ಉದ್ದ ಆದರೆ ಮೊಗ್ಗು. ನಡುರಾತ್ರಿ ಬೆಳಕು ಬಿದ್ದರೆ ಮೊಗ್ಗು ಮುಂದಕ್ಕೆ. ಅಂದರೆ ಬಲ್ಬ್ ಹೂವನ್ನ ತಡ ಮಾಡುತ್ತೆ, ಬೇಗ ತರಲ್ಲ. ಕಾಕಾಗೆ ಬೇಕಾದದ್ದು ಇದರ ಉಲ್ಟಾ.

ಹಗಲಿನ ಲೆಕ್ಕದಲ್ಲಿ ನಮ್ಮ ನಾಲ್ಕೂ ಊರು ಒಂದೇ. ಎಲ್ಲವೂ 15.5ರಿಂದ 16 ಡಿಗ್ರಿ ಅಕ್ಷಾಂಶದ ಒಳಗೇ ಇವೆ; ದೊಡ್ಡ ಹಗಲು ಸುಮಾರು 13 ತಾಸು, ಸಣ್ಣದು 11ಕ್ಕಿಂತ ಸ್ವಲ್ಪ ಜಾಸ್ತಿ. ರಾಮದುರ್ಗದಲ್ಲಿ ಸೂರ್ಯ ಕಿತ್ತೂರಿಗಿಂತ ಎರಡು ನಿಮಿಷ ಮೊದಲು ಹುಟ್ಟಬಹುದು, ಅಷ್ಟೇ. ನೀರು ಹಾಗಲ್ಲ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ, ಪೂರ್ವಕ್ಕೆ ಬಂದಂತೆ ಮಳೆ ಕಡಿಮೆ. ಬೈಲಹೊಂಗಲದ ಎರಿ ಭೂಮಿಯಲ್ಲಿ ಆಗಸ್ಟ್‌ನಲ್ಲಿ ನೀರು ನಿಂತು ಸೇವಂತಿಗೆ ಬೇರು ಕೊಳೆಯೋದು ಸಮಸ್ಯೆ. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಡ್ಯಾಮ್ ಇದೆ, ಕಾಲುವೆ ಮುಟ್ಟಿದ ಹೊಲಕ್ಕೆ ಚಿಂತೆ ಕಡಿಮೆ. ಕಾಕಾನ ಹೊಲಕ್ಕೆ ಮುಟ್ಟಲ್ಲ. ಬೋರ್ ಒಂದೇ ಗತಿ, ಅದೂ ಹೋದ ವರ್ಷ ಸೆಪ್ಟೆಂಬರ್‌ನಲ್ಲಿ, ಸರಿಯಾಗಿ ಮೊಗ್ಗು ಕಟ್ಟೋ ಹೊತ್ತಿಗೆ, ಕೈ ಕೊಟ್ಟಿತ್ತು.

ರಜೆಯಲ್ಲಿ ಹೋಗಿ ಅಳೆದೆವು. 20 ಲೀಟರ್ ಬಕೆಟ್ 40 ಸೆಕೆಂಡಿಗೆ ತುಂಬಿತು, ಅಂದರೆ ತಾಸಿಗೆ 1,800 ಲೀಟರ್. ದಿನಕ್ಕೆ 4 ಮಿಲಿಮೀಟರ್ ನೀರು ಅಂತ ಹಿಡಿದರೂ ಅರ್ಧ ಎಕರೆಗೆ 8,000 ಲೀಟರ್ ಬೇಕು, ನಾಲ್ಕೂವರೆ ತಾಸು ಪಂಪ್ ಓಡಬೇಕು. ಕರೆಂಟ್ ಇದ್ದರೆ ಆಗುತ್ತೆ. ಆದರೆ ಸೆಪ್ಟೆಂಬರ್‌ನಲ್ಲಿ ಬೋರ್ ಅರ್ಧಕ್ಕಿಳಿದರೆ ಒಂಬತ್ತು ತಾಸು!

ಹಿರಿಯರಿಗೆ 'ಬ್ಯಾಡ' ಅನ್ನೋದು ವೈವಾಗಿಂತ ಕಷ್ಟ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೈಟ್ ಬ್ಯಾಡಂದ್ರ ನೀರರ ಕೊಡ್ರಿ ಮತ್ತ" ಅಂದರು. ಈ ಸಲ ಕಾಲು ಎಕರೆಗೆ ಮಾತ್ರ ಡ್ರಿಪ್ ಹಾಕಿ ಸೇವಂತಿಗೆ ನೆಟ್ಟಿದ್ದಾರೆ. ಉಳಿದ ಕಾಲು ಎಕರೆ ಹಿಂಗಾರಿ ಜೋಳಕ್ಕೆ ಖಾಲಿ ಬಿಟ್ಟಿದ್ದಾರೆ.