ಗೋಡೆಯ ಮೇಲಿನ ಬ್ಲ್ಯಾಕ್ ಲಯನ್

ಎಚ್ಚಿಂಗ್ ಕಲಿಯಲು ಹೋದ ಹೊಸದರಲ್ಲಿ ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ನನ್ನ ಹೆಸರು ಗೀಚಿ, ಆಸಿಡ್‌ಗೆ ಇಳಿಸಿದ್ದೆ. ಮಸಿ ಹಚ್ಚಿ ಒತ್ತಿದಾಗ ಕಾಗದದ ಮೇಲೆ ಹೆಸರು ತಿರುಗುಮುರುಗಾಗಿ ಮೂಡಿತು. ಜೊತೆಯವರೆಲ್ಲ ನಕ್ಕರು. ಅಂದಿನಿಂದ ಯಾವ ಎಚ್ಚಿಂಗ್ ಕಂಡರೂ ಮೊದಲು ಅದರಲ್ಲಿ ಅಕ್ಷರ ಹುಡುಕುವುದು ನನ್ನ ಚಾಳಿ.

ಚಿತ್ರಕಾರ ಜೇಮ್ಸ್ ವಿಸ್ಲರ್ 1859ರಲ್ಲಿ ಮಾಡಿದ ‘ಬ್ಲ್ಯಾಕ್ ಲಯನ್ ವಾರ್ಫ್’ ಎಂಬ ಎಚ್ಚಿಂಗ್‌ನಲ್ಲಿ ಅಕ್ಷರ ಸಿಗುತ್ತದೆ. ಚಿತ್ರದಲ್ಲಿರುವುದು ಲಂಡನ್ನಿನ ವ್ಯಾಪಿಂಗ್, ಥೇಮ್ಸ್ ನದಿಯ ದಂಡೆ. ಗೋದಾಮಿನ ಗೋಡೆಯ ಮೇಲಿನ ಹೆಸರನ್ನು ನೆಟ್ಟಗೆ ಓದಬಹುದು. ಅಂದರೆ ತಗಡಿನ ಮೇಲೆ ಅದನ್ನು ಉಲ್ಟಾ ಗೀಚಿದ್ದಾನೆ, ಪುಣ್ಯಾತ್ಮ! ಅಮೆರಿಕದ ಕರಾವಳಿ ಸರ್ವೆ ಕಚೇರಿಯಲ್ಲಿ ನಕಾಶೆ ಕೆತ್ತಿ ಪಳಗಿದ ಕೈ ಅದು.

ಚಿತ್ರ ಹೆಚ್ಚುಕಡಿಮೆ ನೋಟ್‌ಪುಸ್ತಕದ ಅಳತೆಯದು. ಕಣ್ಣಿಗೆ ಹತ್ತಿರ ಹಿಡಿದರೆ ಆಚೆ ದಡದ ಹಲಗೆಗಳ ಸಂದು, ಕಿಟಕಿ, ಮಾಡು ಎಲ್ಲವನ್ನೂ ಎಣಿಸಬಹುದು. ಈಚೆ, ನಮ್ಮ ಮುಂದೆಯೇ ಕೂತ ಮನುಷ್ಯನನ್ನು ಮಾತ್ರ ನಾಲ್ಕು ಗೆರೆಯಲ್ಲಿ ಮುಗಿಸಿಬಿಟ್ಟಿದ್ದಾನೆ. ಮೊದಮೊದಲು ಇದು ಅಸಡ್ಡೆ ಅನ್ನಿಸುತ್ತಿತ್ತು. ಈಗ ನೋಡಿದರೆ ಹೊಟ್ಟೆಯಲ್ಲಿ ಏನೋ ಕಲಕುತ್ತದೆ. ಆ ದಂಡೆಯಿಂದ ಪೂರಾ ಅಳಿದುಹೋದವನು ಅವನೇ.

ಬರಬರುತ್ತ ಹಡಗುಗಳು ದೊಡ್ಡವಾದವು, ಸರಕು ಕಂಟೇನರ್ ಸೇರಿತು, ವ್ಯಾಪಾರ ಸಮುದ್ರದ ಕಡೆಗೆ, ಟಿಲ್ಬರಿ ಬಂದರಿಗೆ ಸರಿಯಿತು. 1968ರಲ್ಲಿ ಸೇಂಟ್ ಕ್ಯಾಥರೀನ್ ಡಾಕ್ಸ್, ಮರುವರ್ಷ ವ್ಯಾಪಿಂಗ್‌ನ ಲಂಡನ್ ಡಾಕ್ಸ್ ಬಾಗಿಲು ಹಾಕಿದವು. ನದಿದಂಡೆಯ ಎಷ್ಟೋ ಗೋದಾಮುಗಳು ಅಪಾರ್ಟ್‌ಮೆಂಟುಗಳಾದವು. ಚೀಲ ಇಳಿಸುತ್ತಿದ್ದ ಬಾಗಿಲು ಈಗ ಬಾಲ್ಕನಿ.

ಡಾಕ್ ಕೂಲಿಗಳ ಆ ಬದುಕೇನೂ ಸುಖದ್ದಾಗಿರಲಿಲ್ಲ. ಬೆಳಗಾದರೆ ಡಾಕ್ ಗೇಟಿನ ಮುಂದೆ ನಿಲ್ಲಬೇಕು. ಕರೆದರೆ ಕೂಲಿ, ಇಲ್ಲದಿದ್ದರೆ ಬರಿಗೈ. ಆ ಕಷ್ಟ ಮರಳಿ ಬರಲಿ ಎಂದು ಯಾರು ಹೇಳಿಯಾರು? ಆದರೂ ದುಡಿಮೆ ಆಗ ಊರ ನಡುವೆ, ಎಲ್ಲರ ಕಣ್ಣೆದುರು ನಡೆಯುತ್ತಿತ್ತು. ಚಿತ್ರಕಾರನೊಬ್ಬ ದೋಣಿಕಟ್ಟೆಯಲ್ಲಿ ಕೂತು ಅದನ್ನು ಗೀಚಿಕೊಳ್ಳಬಹುದಿತ್ತು. ಮುಚ್ಚಿದ ಕಬ್ಬಿಣದ ಪೆಟ್ಟಿಗೆಯ ಎದುರು ಕೂತು ಏನು ಬರೆಯುವುದು?

ವಿಸ್ಲರ್ ತನ್ನ ತಾಯಿಯನ್ನು ಚಿತ್ರಿಸಿದ್ದು 1871ರಲ್ಲಿ. ಕಪ್ಪು ಉಡುಪಿನ ಆ ಮುದುಕಿಯನ್ನು ಕಾಣದವರು ಕಡಿಮೆ. ಆಕೆಯ ಹಿಂದಿನ ಬೂದು ಗೋಡೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿರುವುದು ಇದೇ ಬ್ಲ್ಯಾಕ್ ಲಯನ್. ಅಲ್ಲಿ ಗೋದಾಮು, ದೋಣಿ ಎಲ್ಲ ಒಂದಿಷ್ಟು ಮಾಸಲು ಬಣ್ಣ. ನನ್ನ ಚಾಳಿಯಂತೆ ಅಲ್ಲೂ ಅಕ್ಷರ ಹುಡುಕಿದೆ. ಓದಲಾಗಲಿಲ್ಲ.