ರಜೆಯ ಹಿಂದಿನ ದಿನದ ಗಣಿತ

ಹಬ್ಬದ ರಜೆ ಶುರುವಾಗುವ ಹಿಂದಿನ ದಿನ, ಬಿಸಿಯೂಟ ಮುಗಿದ ಮೇಲೆ, ಪ್ರಾಥಮಿಕ ಶಾಲೆಯಲ್ಲಿ ಪಾಠ ನಡೆಯುವುದಿಲ್ಲ. ಮಕ್ಕಳ ಮನಸ್ಸು ಆಗಲೇ ಅಜ್ಜಿಯ ಊರಿನ ಬಸ್ಸು ಹತ್ತಿರುತ್ತದೆ. ಎಷ್ಟೋ ಶಿಕ್ಷಕರು ಆ ಹೊತ್ತನ್ನು ಹಾಡಿಗೋ ಚಿತ್ರಕ್ಕೋ ಬಿಟ್ಟುಕೊಡುತ್ತಾರೆ. ನಾನು ಅದನ್ನು ಗಣಿತಕ್ಕೇ ಮೀಸಲಿಡುತ್ತೇನೆ. ವರ್ಷದಲ್ಲಿ ನನಗೆ ಅತಿ ಪ್ರಿಯವಾದ ಪೀರಿಯಡ್ಡುಗಳು ಇವೇ.

ಅದಕ್ಕೆ ಬೇಕಾದ ಸಾಮಾನು ಕೂಡಿಸುವುದರಲ್ಲೇ ಒಂದು ಸುಖವಿದೆ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿದರೆ ಗಟ್ಟಿ ಕಾರ್ಡುಗಳಾಗುತ್ತವೆ. ಬಾಟಲಿ ಮುಚ್ಚಳಗಳು ಬಿಡಿ, ಹತ್ತು ಐಸ್‌ಕ್ರೀಂ ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ದಶಕ. ಹುಣಸೆ ಬೀಜವನ್ನು ಜಗಲಿ ಕಲ್ಲಿನ ಮೇಲೆ ಒಂದು ಮಗ್ಗುಲು ಬೆಳ್ಳಗಾಗುವ ತನಕ ಉಜ್ಜುತ್ತಾ ಕೂತರೆ ಸಂಜೆ ಕಳೆದದ್ದೇ ತಿಳಿಯುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿಕಲಿ ಶುರುವಾದಾಗ ಅಲ್ಲಿನ ಶಿಕ್ಷಕರೇ ಕೂತು ಕಲಿಕೆಯ ಕಾರ್ಡುಗಳನ್ನು ತಯಾರಿಸಿದರು. ಕತ್ತರಿ, ಅಂಟು ಹಿಡಿದು ಕೂತಾಗಲೆಲ್ಲ ನಾನೂ ಆ ಸಾಲಿಗೆ ಸೇರಿದವಳು ಅನ್ನಿಸುತ್ತದೆ.

ಆಟ ಎಂದು ಕರೆದ ಮಾತ್ರಕ್ಕೆ ಲೆಕ್ಕ ಆಟವಾಗದು. ಹಣತೆಯ ಚಿತ್ರದೊಳಗೆ 7+5 ಎಂದು ಬರೆದು, ಉತ್ತರ ಹೇಳಿದವರು ಬಣ್ಣ ಹಚ್ಚಿ ಅನ್ನುವ ಹಾಳೆಗಳು ಈಗ ಬೇಕಾದಷ್ಟು ಸಿಗುತ್ತವೆ. ಅಲ್ಲಿ ಬಣ್ಣ ಹಚ್ಚುವುದಕ್ಕೆ ಹನ್ನೆರಡು ಯಾತಕ್ಕೂ ಬೇಕಿಲ್ಲ. ಲೆಕ್ಕ ಬಾಗಿಲಲ್ಲಿ ನಿಂತು ಸುಂಕ ವಸೂಲು ಮಾಡುತ್ತದೆ, ಅಷ್ಟೆ. ಮಗು ಅದನ್ನು ಕೂಡಲೇ ಗುರುತಿಸುತ್ತದೆ. ಯಾವ ಆಟದಿಂದ ಲೆಕ್ಕವನ್ನು ತೆಗೆದರೆ ಆಟವೇ ನಿಂತುಹೋಗುತ್ತದೋ ಅದು ಮಾತ್ರ ನನ್ನ ತರಗತಿಗೆ ಬರುತ್ತದೆ.

ಅಂಥ ಆಟಗಳಲ್ಲಿ ನನ್ನ ಮೊದಲ ಆಯ್ಕೆ ಚೌಕಾಬಾರ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದೈದರ ಚೌಕ ಬರೆದರೆ ಇಪ್ಪತ್ತೈದು ಮನೆ: ಹೊರಸುತ್ತಿನಲ್ಲಿ ಹದಿನಾರು, ಒಳಸುತ್ತಿನಲ್ಲಿ ಎಂಟು, ನಡುವೆ ಒಂದು. ನಾಲ್ಕು ಕವಡೆ ಎಸೆದು, ಮೇಲ್ಮುಖವಾಗಿ ಬಿದ್ದಷ್ಟು ಮನೆ ನಡೆಸಬೇಕು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿಕೊಂಡರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಎಸೆತ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಕಟ್ಟೆಯಿಂದ, ಅಂದರೆ ಹೊಡೆತವಿಲ್ಲದ ಮನೆಯಿಂದ, ಹೊರಟ ಕಾಯಿ ಇಪ್ಪತ್ತನಾಲ್ಕು ಹೆಜ್ಜೆ ನಡೆದು ನಡುಮನೆ ಸೇರಿದರೆ ಹಣ್ಣು.

ಮೂರನೇ ತರಗತಿಯ ಮಗುವೊಂದು ಕವಡೆ ಹಿಡಿದು ಎಸೆಯುವ ಮುಂಚೆ ಒಂದು ಕ್ಷಣ ತಡೆಯುತ್ತದಲ್ಲ, ಆಗ ಅದರ ಮುಖ ನೋಡಬೇಕು. ‘ಮೂರು ಬಿದ್ರೆ ಅವಳ ಕಾಯಿ ಹೊಡೀತೀನಿ, ಎರಡು ಬಿದ್ರೆ ಕಟ್ಟೆಗೆ ಹೋಯ್ತೀನಿ, ಒಂದು ಬಿದ್ರೆ ಹಿಂದಿನ ಕಾಯಿ ನಡೆಸ್ತೀನಿ.’ ನಾಲ್ಕು ಕಾಯಿ, ಐದು ಬಗೆಯ ಎಸೆತ, ಬೆನ್ನ ಹಿಂದೆ ಎಷ್ಟು ಮನೆ ದೂರದಲ್ಲಿ ಯಾರಿದ್ದಾರೆ ಎಂಬ ಎಚ್ಚರ. ಹಾಳೆಯ ಮೇಲೆ ಬರೆದಿದ್ದರೆ ಪುಟ ತುಂಬುವಷ್ಟು ಕೂಡುವ, ಕಳೆಯುವ ಲೆಕ್ಕ ಒಂದೇ ಎಸೆತದ ಹಿಂದೆ ಮುಗಿದಿರುತ್ತದೆ. ತಪ್ಪು ಹುಡುಕುವ ಕೆಲಸವೂ ನನಗಿಲ್ಲ. ‘ಮಿಸ್, ಅವ್ನು ಒಂದ್ಮನೆ ಜಾಸ್ತಿ ನಡೆಸ್ಬುಟ್ಟ!’ ಎಂಬ ಕೂಗು ಎದುರಿನಿಂದ ತಾನಾಗಿ ಬರುತ್ತದೆ.

ಐದನೇ ತರಗತಿಯವರಿಗೆ ಇದರಲ್ಲೇ ಇನ್ನೊಂದು ಮೆಟ್ಟಿಲಿದೆ. ಕವಡೆಯ ಬದಲು ಉಜ್ಜಿದ ಹುಣಸೆ ಬೀಜ ಎಸೆದು, ಯಾವುದು ಎಷ್ಟು ಸಲ ಬಿತ್ತು ಎಂದು ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗುತ್ತಾರೆ. ಎರಡರ ಸಾಲು ಉದ್ದವಾಗುತ್ತಾ, ಚೌಕ ಮತ್ತು ಬಾರದ ಸಾಲು ಗಿಡ್ಡವಾಗಿಯೇ ಉಳಿಯುವುದು ಕಂಡಾಗ ‘ಯಾಕೆ ಮಿಸ್?’ ಬರುತ್ತದೆ. ನಾಲ್ಕು ಬೀಜ ಬೀಳಬಹುದಾದ ಬಗೆ ಒಟ್ಟು ಹದಿನಾರು. ಅವುಗಳಲ್ಲಿ ಎರಡು ಬರುವುದು ಆರು ರೀತಿಯಲ್ಲಿ, ಒಂದು ಮತ್ತು ಮೂರು ನಾಲ್ಕು ನಾಲ್ಕು ರೀತಿಯಲ್ಲಿ, ಚೌಕ ಮತ್ತು ಬಾರ ತಲಾ ಒಂದೇ ಒಂದು ರೀತಿಯಲ್ಲಿ. ನಾಲ್ಕು ಬೀಜಗಳನ್ನು ಮಗುಚಿ ಮಗುಚಿ ಜೋಡಿಸಿ ಅವರೇ ಇದನ್ನು ಕಂಡುಕೊಳ್ಳುವ ತನಕ ನಾನು ಬಾಯಿ ಬಿಡುವುದಿಲ್ಲ. ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರೂ ಇಂಥ ಮಣೆಯಾಟಗಳಿಗೆ ಮನಸೋತು ಹೊಸ ಆಟಗಳನ್ನೇ ರಚಿಸಿದವರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವುಗಳ ಚಿತ್ರಗಳಿವೆ. ಪ್ರವಾಸಕ್ಕೆ ಹೋದ ಮಕ್ಕಳು ಆ ಗೋಡೆಯ ಮುಂದೆ ನಿಂತು ಮನೆ ಎಣಿಸುವುದನ್ನು ನೋಡುವುದು ನನಗೊಂದು ಹಬ್ಬ.

ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ಎಳ್ಳು ಒಂದು ಪಾವು, ಉಳಿದ ನಾಲ್ಕೂ ಎರಡೆರಡು ಪಾವು ಎಂಬುದು ನಮ್ಮ ತರಗತಿಯ ಅಳತೆ. ಒಟ್ಟು ಒಂಬತ್ತು ಪಾವು. ನಾಲ್ಕು ಪಾವಿಗೆ ಒಂದು ಸೇರಾದರೆ ಎರಡು ಸೇರು, ಒಂದು ಪಾವು. ಹದಿನೆಂಟು ಮಕ್ಕಳಿಗೆ ಹಂಚಿದರೆ ತಲೆಗೆ ಅರ್ಧ ಪಾವು. ಅರ್ಧ ಅನ್ನುವುದು ಕೈಗೆ ಸಿಗುವುದು ಹೀಗೆ, ಪಾವಿನೊಳಗೆ ಬೆರಳಿಟ್ಟು ಮಟ್ಟ ನೋಡುವಾಗ. ಆಮೇಲೆ ಪೊಟ್ಟಣ ಕಟ್ಟಿ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಸಂಭ್ರಮ. ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಕೊಟ್ಟರೆ ಒಟ್ಟು ಎಷ್ಟು ಸಲ ಕೊಟ್ಟಂತಾಯಿತು? ಹದಿನೆಂಟು ಅಂತ ಒಬ್ಬರು, ಹದಿನೆಂಟ್ಹದಿನೆಂಟ್ಲೆ 324 ಅಂತ ಇನ್ನೊಬ್ಬರು. ಹಿಂದಿನ ಸಾಲಿನಿಂದ ಮೆಲ್ಲನೆ ಒಂದು ದನಿ: ‘ನಮಗ್ ನಾವೇ ಕೊಟ್ಕೊಳಲ್ವಲ್ಲ ಮಿಸ್.’ ಹಾಗಾದರೆ ಹದಿನೆಂಟು ಕಳೆಯಬೇಕು, 306. ನಂಬದವರು ಮೂವರನ್ನು ನಿಲ್ಲಿಸಿ ನೋಡುತ್ತಾರೆ, ಆರು ಬರುತ್ತದೆ. ನಾಲ್ವರನ್ನು ನಿಲ್ಲಿಸಿದರೆ ಹನ್ನೆರಡು.

ಅದೇ ಹಬ್ಬದ ಚುಕ್ಕಿ ರಂಗೋಲಿಯನ್ನೂ ಅಂಗಳದಲ್ಲಿ ಇಡಿಸುತ್ತೇನೆ. ಮೂರರಿಂದ ಎರಡಕ್ಕೆ ಸಂದು ಚುಕ್ಕಿ ಇಟ್ಟರೆ ಒಟ್ಟು 7, ಐದರಿಂದ ಮೂರಕ್ಕೆ 19, ಏಳರಿಂದ ನಾಲ್ಕಕ್ಕೆ 37. ಒಂದು ಚುಕ್ಕಿಯಿಂದ ಶುರು ಮಾಡಿದರೆ ಪ್ರತಿ ಸಲ ಹೆಚ್ಚುವುದು 6, 12, 18. ಆರರ ಮಗ್ಗಿ ರಂಗೋಲಿಯಲ್ಲೇ ಕೂತಿದೆ! ಈ ಚುಕ್ಕಿಗಳನ್ನು ಮೊದಲಿನಿಂದ ಕೂಡುತ್ತಾ ಹೋದರೆ 1, 8, 27, 64 ಬರುತ್ತವೆ. ಘನಸಂಖ್ಯೆಯ ಹೆಸರು ಕೇಳದ ಮಕ್ಕಳಿಗೂ ಅದು ಖುಷಿ ಕೊಡುತ್ತದೆ.

ನಮ್ಮ ಸರ್ಕಾರಿ ಶಾಲೆಗಳ ಮೆಟ್ರಿಕ್ ಮೇಳಕ್ಕೆ ಸಮನಾದ ಹಬ್ಬ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂಗಳದಲ್ಲಿ ಗೋಣಿಚೀಲ ಹಾಸಿ ಮಕ್ಕಳು ಸೊಪ್ಪು, ನಿಂಬೆಹಣ್ಣು, ಚುರುಮುರಿ, ಮಜ್ಜಿಗೆ ಮಾರುತ್ತಾರೆ, ಊರವರೇ ಗಿರಾಕಿಗಳು. ಮೂವತ್ತೈದು ರೂಪಾಯಿಯ ಸಾಮಾನಿಗೆ ಐವತ್ತರ ನೋಟು ಕೊಟ್ಟರೆ ಹುಡುಗಿ ಕಳೆಯುವ ಲೆಕ್ಕ ಮಾಡುವುದಿಲ್ಲ. ಐದು ರೂಪಾಯಿ ಇಟ್ಟು ‘ನಲವತ್ತು’, ಹತ್ತು ಇಟ್ಟು ‘ಐವತ್ತು’ ಅನ್ನುತ್ತಾಳೆ. ಹಲಗೆಯ ಮೇಲೆ ನಾವು ದಶಕ ಬಿಡಿಸಿ ಕಳೆಯುವುದನ್ನು ಕಲಿಸುತ್ತಿರುವಾಗ, ಅವಳು ಕೂಡುತ್ತಲೇ ಕಳೆಯುವ ಸಂತೆಯ ದಾರಿಯನ್ನು ಹಿಡಿದಿರುತ್ತಾಳೆ. ಅಜ್ಜಿಯೊಬ್ಬರು ‘ಮೂರು ಕಟ್ಟು ಇಪ್ಪತ್ತಕ್ಕೆ ಕೊಡವ್ವ’ ಎಂದು ಚೌಕಾಸಿಗೆ ಇಳಿದರೆ ‘ಅಸಲೇ ಇಪ್ಪತ್ತೊಂದಾಯ್ತದಜ್ಜಿ’ ಎಂದು ಥಟ್ಟನೆ ಉತ್ತರ. ಲಾಭ-ನಷ್ಟದ ಅಧ್ಯಾಯ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕದಲ್ಲೂ ಇಲ್ಲ. ಈಚೆಗೆ ಗಿರಾಕಿಗಳೆಲ್ಲ ಮೊಬೈಲ್ ತೆಗೆದು ಸ್ಕ್ಯಾನರ್ ಕೇಳುತ್ತಾರೆ. ಮೇಳದ ದಿನ ಫೋನ್‌ಪೇ ಬೇಡ, ನೋಟು-ಚಿಲ್ಲರೆ ತನ್ನಿ ಎಂದು ಹಿಂದಿನ ದಿನವೇ ಮನೆಮನೆಗೆ ಹೇಳಿ ಕಳಿಸುತ್ತೇನೆ. ಚಿಲ್ಲರೆ ಇಲ್ಲದ ಮೇಳದಲ್ಲಿ ಲೆಕ್ಕವನ್ನೆಲ್ಲ ಫೋನೇ ಮಾಡಿ ಮುಗಿಸುತ್ತದೆ.

ರಾಮಾನುಜನ್ ಹುಟ್ಟಿದ ಡಿಸೆಂಬರ್ 22ರ ಗಣಿತ ದಿನಕ್ಕೆ ನಾನು ನೆನೆಯುವುದು ಇನ್ನೊಬ್ಬರನ್ನೂ: ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದ. ರಾ. ಕಾಪ್ರೇಕರ್. ನಾಲ್ಕಂಕಿಗಳ ಅವರ 6174 ಹೆಸರಾದದ್ದು. ಚಿಕ್ಕವರಿಗೆ ಮೂರಂಕಿಯದು ಸಾಕು. ಮೂರೂ ಒಂದೇ ಅಲ್ಲದ ಅಂಕಿಗಳನ್ನು ಆರಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ತಿರುಗಿಸಿ ಕಳೆಯಿರಿ. 532ರಿಂದ 235 ಹೋದರೆ 297. ಮತ್ತೆ 972ರಿಂದ 279 ಹೋದರೆ 693. ಹೀಗೇ 594, ಕೊನೆಗೆ 495. ಅಲ್ಲಿಂದಾಚೆ ಮತ್ತೆ ಮತ್ತೆ 495 ಮಾತ್ರ. ದಶಕಸಹಿತ ಕಳೆಯುವ ಲೆಕ್ಕವೆಂದರೆ ಮುಖ ತಿರುಗಿಸುವ ಮಕ್ಕಳು ಇದನ್ನು ಹಾಳೆ ತುಂಬ ಮಾಡುತ್ತಾರೆ. ಉತ್ತರದ ನಡುವಣ ಅಂಕಿ ಒಂಬತ್ತಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ಅವರಿಗೇ ಗೊತ್ತಾಗುತ್ತದೆ.

ರಾಜ್ಯೋತ್ಸವಕ್ಕೆ ಮಹಾವೀರಾಚಾರ್ಯ. ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಈತ ಗುಣಲಬ್ಧ ಹಾರದಂತೆ ಎರಡೂ ಕಡೆಯಿಂದ ಒಂದೇ ಆಗಿ ಕಾಣುವ ಲೆಕ್ಕಗಳನ್ನು ಕೊಟ್ಟಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 14287143ನ್ನು ಏಳರಿಂದ ಗುಣಿಸಿದರೆ 100010001. ಕೆಂಪು-ಹಳದಿ ಕಾಗದದ ಮೇಲೆ ಒಂದೊಂದೇ ಅಂಕಿ ಬರೆದು ದಾರಕ್ಕೆ ಪೋಣಿಸಿದರೆ ಬಾಗಿಲಿಗೆ ತೋರಣವಾಯಿತು. ಗುಣಾಕಾರ ಒಂದು ಕಡೆ ತಪ್ಪಿದರೂ ತೋರಣ ಹೊಂದುವುದಿಲ್ಲ.

ಈ ಆಟಗಳಲ್ಲಿ ಬೇಗ ಮುಗಿಸಿದವರಿಗೆ ಬಹುಮಾನ ಕೊಡುವುದನ್ನು ನಾನು ಒಪ್ಪುವುದಿಲ್ಲ. ಗಡಿಯಾರ ಇಟ್ಟ ಕೂಡಲೇ ನಿಧಾನ ಯೋಚಿಸುವ ಮಗು ಕವಡೆಯನ್ನು ಪಕ್ಕದವರಿಗೆ ಕೊಟ್ಟು ಸುಮ್ಮನೆ ಕೂರುತ್ತದೆ. ಮುನ್ನೂರಾರು ಕಂಡುಹಿಡಿಯುವವರು ಎಷ್ಟೋ ಸಲ ಅಂಥವರೇ. ಶಿಕ್ಷಕ ಮಿತ್ರರೇ, ಮೇಳದಲ್ಲಿ ಚಿಲ್ಲರೆ ಎಣಿಸುತ್ತಾ ತಡವರಿಸುವ ಮಗುವಿನ ಬಾಯಿಗೆ ಉತ್ತರ ಹಾಕಬೇಡಿ, ಗಿರಾಕಿ ಕಾಯಲಿ. ಮನೆಯವರಲ್ಲೂ ಒಂದು ಕೋರಿಕೆ: ಬರುವ ಸಂಕ್ರಾಂತಿಗೆ ಎಳ್ಳು-ಬೆಲ್ಲ ಬೆರೆಸುವಾಗ ಪಾವನ್ನು ಮಗುವಿನ ಕೈಗೆ ಕೊಡಿ. ಸ್ವಲ್ಪ ಚೆಲ್ಲುತ್ತದೆ, ಚೆಲ್ಲಲಿ.